ಕಣ್ಣಾರೆ ಕಂಡದ್ದು ಮಗುವಿನ ನೆನಪಿನಲ್ಲಿ ಏಕೆ ಉಳಿಯುವುದಿಲ್ಲ?

ವಸುಧಾ, ಜಯನಗರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೂರು ವರ್ಷದೊಳಗಿನ ಮಕ್ಕಳ ನೆನಪುಗಳು ಮುಂದೆ ಏನಾಗುತ್ತವೆ ಎಂಬುದನ್ನು ಬಲ್ಲವರಿಂದ ತಿಳಿದುಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಪ್ರಶ್ನೆ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ ಉತ್ತರಿಸಿ.

ನನ್ನ ಮಗಳಿಗೆ ಈಗ ಎಂಟು ವರ್ಷ. ಅವಳಿಗೆ ಮೂರು ತುಂಬುವವರೆಗೂ ನನ್ನ ಮಾವನವರು ಬೆಳಿಗ್ಗೆ ಹೊತ್ತು ಅವಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗುತ್ತಿದ್ದರು. ಬಂಡೆಯನ್ನು ಒಂದು ಸುತ್ತು ಹತ್ತಿಳಿದ ಮೇಲೆ ಒಂದು ಗೊತ್ತಾದ ಕಲ್ಲುಬೆಂಚಿನ ಮೇಲೆ ಕುಳಿತು, ಕಡಲೆಕಾಯಿ ಬಿಡಿಸಿ ಒಂದೊಂದೇ ಬೀಜವನ್ನು ಅವಳ ಅಂಗೈಯಲ್ಲಿಡುತ್ತಿದ್ದರು. ಸಿಪ್ಪೆಯನ್ನು ನೆಲಕ್ಕೆ ಹಾಕದೆ ಕರವಸ್ತ್ರದಲ್ಲಿ ಕಟ್ಟಿ ಮನೆಗೆ ತರುತ್ತಿದ್ದರು. ಅವಳಿಗೆ ಮೂರು ತುಂಬಿದ ಸ್ವಲ್ಪ ದಿನಕ್ಕೆ ಅವರು ತೀರಿಕೊಂಡರು. ಅದಾದ ಮೇಲೂ, ಐದು ವರ್ಷದವಳಾಗುವವರೆಗೂ, ಅವಳು ಇವೆಲ್ಲವನ್ನೂ ತಾನಾಗಿಯೇ ಹೇಳುತ್ತಿದ್ದಳು. ಕರವಸ್ತ್ರದ ಸಂಗತಿಯಂತೂ ನಮಗೆ ಗೊತ್ತಾದದ್ದೇ ಅವಳ ಬಾಯಿಂದ. ಈಗ ಕೇಳಿದರೆ, "ನೀನು ಹೇಳಿದ್ದರಿಂದ ಗೊತ್ತು ಅಮ್ಮ, ನನಗೆ ಏನೂ ನೆನಪಿಲ್ಲ" ಎನ್ನುತ್ತಾಳೆ.

ಕಳೆದ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಇನ್ನೊಂದು ಸಂಗತಿಯನ್ನು ಗಮನಿಸಿದೆ. ಜನಜಂಗುಳಿಯ ನಡುವೆ, ಗಾಜಿನಮನೆಯ ಹೂವಿನ ಅಲಂಕಾರವನ್ನು ನೋಡಿಕೊಂಡು ಬರುವಾಗ, ಅವಳ ಕಣ್ಣು ಮತ್ತೆ ಮತ್ತೆ ಆ ಕಲ್ಲುಬೆಂಚಿನ ಕಡೆಗೇ ಹೋಗುತ್ತಿತ್ತು. ಅಲ್ಲಿ ಬೇರೆ ಯಾರೋ ಕುಳಿತಿದ್ದರು. ಏನು ನೋಡುತ್ತಿದ್ದೀಯ ಎಂದು ಕೇಳಿದ್ದಕ್ಕೆ "ಸುಮ್ಮನೆ" ಎಂದಳು.

ಆ ನೆನಪುಗಳು ಅವಳ ಮೆದುಳಿನಿಂದ ಅಳಿಸಿಹೋಗಿವೆಯೇ, ಅಥವಾ ಒಳಗೆ ಇದ್ದೂ ಬಾಯಿಗೆ ಬರುತ್ತಿಲ್ಲವೇ? ಬಾಯಿಗೆ ಬಾರದ ನೆನಪು ಕಣ್ಣಿನ ಚಲನೆಯಲ್ಲಿ ಕಾಣಿಸಿಕೊಳ್ಳುವುದುಂಟೇ? ಇದರ ಜೊತೆಗೇ ಇನ್ನೊಂದು ಮಾತು. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗ ಮೊಬೈಲನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತಾನೆ, ಪುಟದ ಮೇಲೆ ಕಣ್ಣಾಡಿಸುತ್ತಾನೆ, ಮರುದಿನ ಕೇಳಿದರೆ ಏನೂ ಉಳಿದಿರುವುದಿಲ್ಲ. ಕಣ್ಣು ಕಂಡದ್ದಕ್ಕೂ ಮನಸ್ಸಿನಲ್ಲಿ ನಿಂತದ್ದಕ್ಕೂ ಇರುವ ಸಂಬಂಧವೇನು ಎಂಬುದು ಈ ಎರಡು ಮಕ್ಕಳ ವಿಷಯದಲ್ಲೂ ನನ್ನನ್ನು ಕಾಡುತ್ತಿದೆ.

ಕೇಶವಮೂರ್ತಿ, ಮಲ್ಲೇಶ್ವರ

ವಸುಧಾ ಅವರೇ, ನಾನು ಬಹಳ ವರ್ಷ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಶಾಸ್ತ್ರ ಕಲಿಸಿದವನು. ನೀವು ವಿವರಿಸಿರುವುದು ಬಹುತೇಕ ಎಲ್ಲ ಮನುಷ್ಯರಲ್ಲೂ ಆಗುವ ಸಂಗತಿ. ಇದಕ್ಕೆ ಶೈಶವ ವಿಸ್ಮೃತಿ ಎಂದು ಹೆಸರು. ದೊಡ್ಡವರನ್ನು ಅವರ ಮೊದಲ ನೆನಪು ಯಾವುದೆಂದು ಕೇಳಿದರೆ, ಹೆಚ್ಚಿನವರು ಹೇಳುವುದು ಮೂರು, ಮೂರೂವರೆ ವರ್ಷದ ಆಸುಪಾಸಿನದನ್ನು. ಅದಕ್ಕಿಂತ ಹಿಂದಿನದು ಬರಿದು.

ಬಹುಕಾಲ ಇದಕ್ಕೆ ಕೊಡುತ್ತಿದ್ದ ವಿವರಣೆ ಸರಳವಾಗಿತ್ತು. ಎಳೆಯ ಮೆದುಳಿಗೆ ನೆನಪಿಟ್ಟುಕೊಳ್ಳುವ ಶಕ್ತಿಯೇ ಇರುವುದಿಲ್ಲ ಎನ್ನುತ್ತಿದ್ದರು. ಈ ವಿವರಣೆ ನಿಲ್ಲುವುದಿಲ್ಲ ಎಂಬುದನ್ನು ಅಮೆರಿಕದ ಕ್ಯಾರೊಲಿನ್ ರೋವಿ-ಕೊಲಿಯರ್ ಬಹಳ ಸೊಗಸಾದ ಪ್ರಯೋಗಗಳಿಂದ ತೋರಿಸಿದರು. ತೊಟ್ಟಿಲಲ್ಲಿ ಮಲಗಿದ ಕೂಸಿನ ಕಾಲಿಗೆ ಒಂದು ರಿಬ್ಬನ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮೇಲೆ ತೂಗುವ ಆಟಿಕೆಗೆ ಕಟ್ಟುತ್ತಿದ್ದರು. ಕಾಲು ಝಾಡಿಸಿದರೆ ಆಟಿಕೆ ಆಡುತ್ತದೆ ಎಂಬುದನ್ನು ಕೂಸು ಬೇಗ ಕಲಿಯುತ್ತದೆ. ಮೂರು ತಿಂಗಳ ಕೂಸು ಈ ಪಾಠವನ್ನು ಸುಮಾರು ಒಂದು ವಾರ, ಆರು ತಿಂಗಳ ಕೂಸು ಸುಮಾರು ಎರಡು ವಾರ ನೆನಪಿಟ್ಟುಕೊಳ್ಳುತ್ತಿತ್ತು. ಮರೆತುಹೋಗಿದೆ ಎಂದುಕೊಂಡ ಮೇಲೂ, ಆಟಿಕೆ ಆಡುವುದನ್ನು ಸ್ವಲ್ಪ ಹೊತ್ತು ತೋರಿಸಿದರೆ ಸಾಕು, ಮರುದಿನ ಕೂಸು ಮತ್ತೆ ಕಾಲು ಝಾಡಿಸಲು ಶುರುಮಾಡುತ್ತಿತ್ತು. ಈ ಕೊನೆಯ ಅಂಶವನ್ನು ದಯವಿಟ್ಟು ಗಮನದಲ್ಲಿಡಿ, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಯ ತಿರುಳು ಅಲ್ಲಿದೆ.

ಘಟನೆಗಳ ನೆನಪಿಗೆ ಅತ್ಯಗತ್ಯವಾದ ಭಾಗ ಹಿಪ್ಪೊಕ್ಯಾಂಪಸ್. ಅದು ಕಿವಿಯ ನೇರಕ್ಕೆ, ಮೆದುಳಿನ ಒಳಮಗ್ಗುಲಲ್ಲಿ, ಎರಡೂ ಕಡೆ ಒಂದೊಂದು ಇದೆ. ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಸಂಗ್ರಹಾಲಯಕ್ಕೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ನಿಜವಾದ ಮೆದುಳನ್ನು ಕಣ್ಣೆದುರು ನೋಡಿದಾಗ ಈ ಮಾತುಗಳೆಲ್ಲ ಬೇರೆಯೇ ತೂಕ ಪಡೆಯುತ್ತವೆ. 1953ರಲ್ಲಿ ಅಪಸ್ಮಾರದ ಚಿಕಿತ್ಸೆಗೆಂದು ಹೆನ್ರಿ ಮೊಲೇಸನ್ ಎಂಬ ಅಮೆರಿಕನ್ ಯುವಕನ ಮೆದುಳಿನ ಎರಡೂ ಕಡೆಯ ಈ ಭಾಗದ ಬಹುಪಾಲನ್ನು ತೆಗೆದುಹಾಕಿದರು. ಆತ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಘಟನೆಯೊಂದನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳಲಾರದೆ ಬದುಕಿದರು. ಆದರೂ, ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರ ಬಿಡಿಸುವ ಕೈಚಳಕವನ್ನು ದಿನದಿಂದ ದಿನಕ್ಕೆ ಕಲಿತರು. ಹಿಂದಿನ ದಿನ ಅಭ್ಯಾಸ ಮಾಡಿದ್ದೇ ಅವರಿಗೆ ತಿಳಿಯುತ್ತಿರಲಿಲ್ಲ. ನೆನಪು ಒಂದೇ ಬಗೆಯದಲ್ಲ ಎಂಬುದು ಬ್ರೆಂಡಾ ಮಿಲ್ನರ್ ಅವರ ಈ ಪರೀಕ್ಷೆಗಳಿಂದ ಸ್ಥಿರವಾಯಿತು.

ಹಾಗಾದರೆ ಎಳವೆಯಲ್ಲಿ ಹಿಪ್ಪೊಕ್ಯಾಂಪಸ್ ಏನು ಮಾಡುತ್ತಿರುತ್ತದೆ? 2025ರ ಮಾರ್ಚ್‌ನಲ್ಲಿ ಪ್ರಕಟವಾದ ಟ್ರಿಸ್ಟನ್ ಯೇಟ್ಸ್, ನಿಕ್ ಟರ್ಕ್-ಬ್ರೌನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ನಾಲ್ಕರಿಂದ ಇಪ್ಪತ್ತೈದು ತಿಂಗಳ 26 ಮಕ್ಕಳನ್ನು ಎಚ್ಚರವಿರುವಾಗಲೇ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಮುಖ, ವಸ್ತು, ನೋಟಗಳ ಚಿತ್ರ ತೋರಿಸಿದರು. ಸ್ವಲ್ಪ ಹೊತ್ತಿನ ನಂತರ ಹಳೆಯ ಚಿತ್ರವನ್ನೂ ಹೊಸದೊಂದನ್ನೂ ಅಕ್ಕಪಕ್ಕ ಇಟ್ಟು, ಮಗು ಯಾವುದನ್ನು ಹೆಚ್ಚು ಹೊತ್ತು ನೋಡುತ್ತದೆ ಎಂದು ಅಳೆದರು. ಮೊದಲ ಸಲ ಯಾವ ಚಿತ್ರ ನೋಡುವಾಗ ಹಿಪ್ಪೊಕ್ಯಾಂಪಸ್ ಹೆಚ್ಚು ಸಕ್ರಿಯವಾಗಿತ್ತೋ, ಆ ಚಿತ್ರದ ಮೇಲೆ ಮಗುವಿನ ಕಣ್ಣು ನಂತರವೂ ಹೆಚ್ಚು ಹೊತ್ತು ನಿಂತಿತು. ಒಂದು ವರ್ಷ ದಾಟಿದ ಮಕ್ಕಳಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟವಾಗಿತ್ತು. ಎಂದರೆ, ನಿಮ್ಮ ಮಗಳು ಎರಡೂವರೆ ವರ್ಷದಲ್ಲಿ ತಾತನನ್ನು ನೋಡುತ್ತಿದ್ದಾಗ ಅವಳ ಮೆದುಳು ಅದನ್ನು ದಾಖಲಿಸುತ್ತಲೇ ಇತ್ತು ಎಂದು ನಂಬಲು ಒಳ್ಳೆಯ ಆಧಾರವಿದೆ.

ಮುಂದೆ ಅದು ಕೈತಪ್ಪುವುದೇಕೆ ಎಂಬುದಕ್ಕೆ ಒಂದು ಬಲವಾದ ಸುಳಿವು ಟೊರಾಂಟೊದ ಪಾಲ್ ಫ್ರಾಂಕ್‌ಲ್ಯಾಂಡ್ ಮತ್ತು ಶೀನಾ ಜೋಸ್ಲಿನ್ ಅವರ ಪ್ರಯೋಗಾಲಯದಿಂದ ಬಂದಿದೆ. ಎಳೆಯ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಬಿರುಸಿನಿಂದ ಹುಟ್ಟುತ್ತಿರುತ್ತವೆ. ಹೊಸ ಕೋಶಗಳು ಹಳೆಯ ಜಾಲದೊಳಗೆ ಸೇರಿಕೊಂಡಂತೆ ಹಳೆಯ ಸಂಪರ್ಕಗಳ ವಿನ್ಯಾಸ ಬದಲಾಗುತ್ತದೆ. ಈ ಹುಟ್ಟನ್ನು ತಗ್ಗಿಸಿದಾಗ ಎಳೆಯ ಇಲಿಗಳು ಮರೆಯುವುದು ಕಡಿಮೆಯಾಯಿತು. ದೊಡ್ಡ ಇಲಿಗಳಲ್ಲಿ ಹೆಚ್ಚಿಸಿದಾಗ ಅವು ಕಲಿತದ್ದನ್ನು ಮರೆತವು. ಇದು 2014ರ ವರದಿ. ಅದೇ ಪ್ರಯೋಗಾಲಯದವರು 2018ರಲ್ಲಿ, ಮರಿಯಾಗಿದ್ದಾಗ ಕಲಿತು ಮರೆತಂತಿದ್ದ ಇಲಿಗಳಲ್ಲಿ, ಆ ಕಲಿಕೆಯ ವೇಳೆ ಸಕ್ರಿಯವಾಗಿದ್ದ ನರಕೋಶಗಳನ್ನೇ ಬೆಳಕಿನಿಂದ ಪ್ರಚೋದಿಸಿದಾಗ ನೆನಪು ಮರಳಿತು. ಇಲಿಗಳ ಫಲಿತಾಂಶವನ್ನು ಹಾಗೆಯೇ ಮಕ್ಕಳಿಗೆ ಅನ್ವಯಿಸುವುದು ಸರಿಯಲ್ಲ. ಆದರೆ "ಅಳಿಸಿಹೋಗಿದೆ" ಎನ್ನುವುದಕ್ಕಿಂತ "ದಾರಿ ತಪ್ಪಿದೆ" ಎನ್ನುವ ಕಡೆಗೇ ನನ್ನ ಒಲವು.

ನಿಮ್ಮ ಮಗಳ ವಯಸ್ಸೂ ಇದಕ್ಕೆ ತಾಳೆಯಾಗುತ್ತದೆ. ಪೆಟ್ರೀಶಿಯಾ ಬಾಯರ್ ಮತ್ತು ಮರೀನಾ ಲಾರ್ಕಿನಾ ಅವರು ಮೂರು ವರ್ಷದ ಮಕ್ಕಳ ಮತ್ತು ತಾಯಂದಿರ ಮಾತುಕತೆಯನ್ನು ದಾಖಲಿಸಿ, ಅವೇ ಘಟನೆಗಳ ಬಗ್ಗೆ ಮುಂದೆ ಬೇರೆ ಬೇರೆ ವಯಸ್ಸಿನಲ್ಲಿ ಕೇಳಿದರು. ಐದರಿಂದ ಏಳು ವರ್ಷದ ಮಕ್ಕಳು ಶೇ 60ಕ್ಕೂ ಹೆಚ್ಚು ಘಟನೆಗಳನ್ನು ನೆನಪಿಸಿಕೊಂಡರೆ, ಎಂಟು ಮತ್ತು ಒಂಬತ್ತು ವರ್ಷದವರು ಶೇ 40ಕ್ಕಿಂತ ಕಡಿಮೆ ನೆನಪಿಸಿಕೊಂಡರು. ಮರೆವು ಮೂರರಲ್ಲಿ ಬರುವುದಿಲ್ಲ, ಏಳೆಂಟರಲ್ಲಿ ಬರುತ್ತದೆ. ನಿಮ್ಮ ಮಗಳಲ್ಲಿ ಏನೋ ಕೊರತೆಯಿದೆ ಎಂಬ ಆತಂಕ ಖಂಡಿತ ಬೇಡ.

ಸಹನಾ, ಯಶವಂತಪುರ

ಕೇಶವಮೂರ್ತಿ ಸರ್ ಮೆದುಳಿನ ಕಡೆಯಿಂದ ಬರೆದಿದ್ದಾರೆ; ನಾನು ಕಣ್ಣಿನ ಕಡೆಯಿಂದ ಬರೆಯುತ್ತೇನೆ, ಏಕೆಂದರೆ ಕಣ್ಣಿನ ಚಲನೆಯನ್ನು ಅಳೆಯುವುದೇ ನನ್ನ ದಿನನಿತ್ಯದ ಕೆಲಸ.

ನಾವು ಎದುರಿನ ದೃಶ್ಯವನ್ನೆಲ್ಲ ಒಮ್ಮೆಗೇ ಸ್ಪಷ್ಟವಾಗಿ ನೋಡುತ್ತೇವೆ ಎಂಬ ಭಾವನೆ ಎಲ್ಲರಲ್ಲೂ ಇರುತ್ತದೆ. ಅದು ನಿಜವಲ್ಲ. ಕೈ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಉಗುರು ಎಷ್ಟು ಅಗಲ ಕಾಣುತ್ತದೋ, ಸರಿಸುಮಾರು ಅಷ್ಟು ಜಾಗವನ್ನು ಮಾತ್ರ ಕಣ್ಣು ಪೂರ್ಣ ವಿವರದೊಂದಿಗೆ ನೋಡಬಲ್ಲದು. ಅಕ್ಷಿಪಟಲದ ನಡುವಿನ ಫೋವಿಯಾ ಎಂಬ ಸಣ್ಣ ಕುಳಿಯ ಕೆಲಸ ಅದು. ಉಳಿದದ್ದೆಲ್ಲ ಮಸುಕು. ನಂಬಿಕೆ ಬಾರದಿದ್ದರೆ ಈ ಸಾಲಿನ ಒಂದು ಅಕ್ಷರದ ಮೇಲೆ ದೃಷ್ಟಿ ನೆಟ್ಟು, ಕಣ್ಣು ಅಲುಗಿಸದೆ, ಸಾಲಿನ ಕೊನೆಯ ಪದವನ್ನು ಓದಲು ಪ್ರಯತ್ನಿಸಿ ನೋಡಿ. ಈ ಮಿತಿಯಿಂದಾಗಿಯೇ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತದೆ. ಈ ಜಿಗಿತಕ್ಕೆ ಸ್ಯಾಕೇಡ್ ಎನ್ನುತ್ತಾರೆ. ಎರಡು ಜಿಗಿತಗಳ ನಡುವೆ ಕಣ್ಣು ನಿಲ್ಲುವ ಅವಧಿ ಸೆಕೆಂಡಿನ ಕಾಲು ಭಾಗದಷ್ಟು. ಆಗ ಮಾತ್ರ ನೋಟ ಒಳಗೆ ಬರುತ್ತದೆ. ಎಚ್ಚರವಿರುವ ಹದಿನಾರು ಗಂಟೆಗಳಿಗೆ ಲೆಕ್ಕ ಹಾಕಿದರೆ ದಿನಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜಿಗಿತಗಳಾಗುತ್ತವೆ. ಪ್ರತಿಯೊಂದೂ ಒಂದು ಆಯ್ಕೆ. ಕಣ್ಣು ಎಲ್ಲಿಗೆ ಹೋಗಲಿಲ್ಲವೋ ಅಲ್ಲಿನ ವಿವರ ನೆನಪಿಗೆ ಸಿಗುವ ಸಂಭವವೇ ಕಡಿಮೆ.

ಈ ಆಯ್ಕೆಯನ್ನು ನಡೆಸುವುದು ಗಮನ. ರಷ್ಯಾದ ಆಲ್ಫ್ರೆಡ್ ಯಾರ್ಬಸ್ ಅವರು 1960ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನಗೆ ಇಂದಿಗೂ ಬಹಳ ಪ್ರಿಯ. ಇಲ್ಯಾ ರೆಪಿನ್ ಅವರ ಒಂದು ವರ್ಣಚಿತ್ರವನ್ನು, ಎಂದರೆ ಬಹುಕಾಲದ ನಂತರ ಮನೆಗೆ ಮರಳಿದ ವ್ಯಕ್ತಿಯನ್ನು ಮನೆಮಂದಿ ಬೆರಗಿನಿಂದ ನೋಡುತ್ತಿರುವ ಚಿತ್ರವನ್ನು, ಒಬ್ಬನೇ ನೋಡುಗನಿಗೆ ಬೇರೆ ಬೇರೆ ಪ್ರಶ್ನೆಗಳೊಂದಿಗೆ ತೋರಿಸಿದರು. ಇವರ ವಯಸ್ಸು ಎಷ್ಟಿರಬಹುದು ಎಂದು ಕೇಳಿದಾಗ ಕಣ್ಣು ಮುಖದಿಂದ ಮುಖಕ್ಕೆ ಹೋಯಿತು. ಅವರು ತೊಟ್ಟ ಬಟ್ಟೆಗಳನ್ನು ನೆನಪಿಟ್ಟುಕೊಳ್ಳಿ ಎಂದಾಗ ಮೈಯುದ್ದಕ್ಕೂ ಮೇಲಿಂದ ಕೆಳಕ್ಕೆ ಓಡಾಡಿತು. ಚಿತ್ರ ಅದೇ, ಕಣ್ಣೂ ಅದೇ. ಪ್ರಶ್ನೆ ಬದಲಾದಾಗ ನೋಟದ ದಾರಿ ಬದಲಾಯಿತು.

ನೋಟದ ದಾರಿಗೂ ನೆನಪಿಗೂ ನೇರ ಸಂಬಂಧವಿದೆ. ಜಾನ್ ಹೆಂಡರ್ಸನ್ ಮತ್ತು ಸಂಗಡಿಗರು 2005ರಲ್ಲಿ, ಹೊಸ ಮುಖಗಳನ್ನು ಕಲಿಯುವಾಗ ಕೆಲವು ಸಲ ಕಣ್ಣನ್ನು ಸ್ವತಂತ್ರವಾಗಿ ಓಡಾಡಲು ಬಿಟ್ಟು, ಕೆಲವು ಸಲ ಒಂದೇ ಬಿಂದುವಿನಲ್ಲಿ ನಿಲ್ಲಿಸಿದರು. ಕಣ್ಣು ನಿಲ್ಲಿಸಿ ಕಲಿತ ಮುಖಗಳನ್ನು ಆಮೇಲೆ ಗುರುತಿಸುವುದು ಗಣನೀಯವಾಗಿ ಕುಗ್ಗಿತು. ಟೊರಾಂಟೊದ ಜೆನಿಫರ್ ರಯಾನ್ ಅವರ ತಂಡ 2017ರಲ್ಲಿ, ಒಂದು ಚಿತ್ರದ ಮೇಲೆ ಕಣ್ಣು ನಿಂತ ಜಾಗಗಳು ಹೆಚ್ಚಿದಷ್ಟೂ ಹಿಪ್ಪೊಕ್ಯಾಂಪಸ್‌ನ ಚಟುವಟಿಕೆಯೂ ಹೆಚ್ಚುತ್ತದೆ ಎಂದು ತೋರಿಸಿತು. ಇನ್ನೊಂದು ಸಂಗತಿ ನನ್ನನ್ನು ಓದಿದಾಗಲೆಲ್ಲ ಬೆರಗುಗೊಳಿಸುತ್ತದೆ. ಇಲಿ ನೆಲದ ಮೇಲೆ ನಡೆಯುವಾಗ ಜಾಗದ ನಕ್ಷೆ ಬರೆಯುವ ಗ್ರಿಡ್ ಕೋಶಗಳನ್ನು ಕಂಡುಹಿಡಿದದ್ದಕ್ಕೆ ಮೋಸರ್ ದಂಪತಿಗೆ 2014ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತಲ್ಲ, ಹಿಪ್ಪೊಕ್ಯಾಂಪಸ್‌ಗೆ ಅಂಟಿಕೊಂಡ ಅದೇ ಭಾಗದ ಕೋಶಗಳು ಕೋತಿಯಲ್ಲಿ, ಅದು ಕುಳಿತಲ್ಲಿಯೇ ಕುಳಿತು ಚಿತ್ರದ ಮೇಲೆ ಬರಿಯ ಕಣ್ಣಾಡಿಸುವಾಗ, ಹಾಗೆಯೇ ಕ್ರಮಬದ್ಧವಾಗಿ ಮಿಡಿಯುವುದನ್ನು ಎಲಿಜಬೆತ್ ಬಫಲೋ ಅವರ ತಂಡ 2012ರಲ್ಲಿ ಕಂಡಿತು. ನಮ್ಮಂಥ ಪ್ರಾಣಿಗಳಿಗೆ ಕಣ್ಣಾಡಿಸುವುದೂ ಒಂದು ಬಗೆಯ ಸಂಚಾರವೇ.

ಈ ಸಂಚಾರವೂ ಮಗುವಿಗೆ ಹುಟ್ಟಿನಿಂದ ಸಿದ್ಧವಾಗಿ ಬರುವುದಿಲ್ಲ. ಎರಡು ತಿಂಗಳ ಆಸುಪಾಸಿನ ಕೂಸು ಎದ್ದು ಕಾಣುವ ಒಂದು ವಸ್ತುವಿನ ಮೇಲೆ ದೃಷ್ಟಿ ನೆಟ್ಟರೆ ಅದನ್ನು ಬಿಡಿಸಿಕೊಳ್ಳಲು ಕಷ್ಟಪಡುತ್ತದೆ. ಮೂರು, ನಾಲ್ಕು ತಿಂಗಳ ಹೊತ್ತಿಗೆ ಮೆದುಳಿನ ಮೇಲ್ಪದರದ ಹಿಡಿತ ಕಣ್ಣಿನ ಮೇಲೆ ಬರತೊಡಗಿ, ಒಂದನ್ನು ಬಿಟ್ಟು ಇನ್ನೊಂದನ್ನು ನೋಡುವುದು ಸಾಧ್ಯವಾಗುತ್ತದೆ. ಬೇಕಾದದ್ದನ್ನು ಹುಡುಕಿ ನೋಡುವ, ಬೇಡವಾದದ್ದರಿಂದ ಕಣ್ಣು ತಿರುಗಿಸಿಕೊಳ್ಳುವ ಸಾಮರ್ಥ್ಯವಂತೂ ಹಣೆಯ ಹಿಂದಿನ ಮುಮ್ಮೆದುಳು ಬೆಳೆದಂತೆ ಹದಿಹರೆಯದುದ್ದಕ್ಕೂ ಮಾಗುತ್ತಲೇ ಇರುತ್ತದೆ.

ಇನ್ನು ಕಲ್ಲುಬೆಂಚಿನ ವಿಷಯ. ವಸುಧಾ ಅವರ ಪ್ರಶ್ನೆ ಬಹಳ ಸೂಕ್ಷ್ಮವಾದದ್ದು, ಅದಕ್ಕೆ ಎಚ್ಚರದಿಂದಲೇ ಉತ್ತರಿಸಬೇಕು. 2000ದಲ್ಲಿ ರಯಾನ್, ನೀಲ್ ಕೋಹೆನ್ ಮತ್ತು ಸಂಗಡಿಗರು, ಮೊದಲೇ ನೋಡಿದ ಚಿತ್ರದಲ್ಲಿ ಒಂದು ವಸ್ತುವನ್ನು ಸ್ಥಳಾಂತರಿಸಿ ಮತ್ತೆ ತೋರಿಸಿದಾಗ, ಬದಲಾವಣೆಯನ್ನು ಬಾಯಿಬಿಟ್ಟು ಹೇಳಲಾರದವರ ಕಣ್ಣೂ ಬದಲಾದ ಜಾಗಕ್ಕೆ ಹೆಚ್ಚಾಗಿ ಹೋಗುತ್ತದೆ ಎಂದು ವರದಿ ಮಾಡಿದರು. ವಿಸ್ಮೃತಿಯ ರೋಗಿಗಳಲ್ಲಿ ಇದು ಕಾಣಲಿಲ್ಲ. ಆದರೆ ಲ್ಯಾರಿ ಸ್ಕ್ವೈರ್ ಅವರ ತಂಡ 2006ರಲ್ಲಿ ಇಂಥದೇ ಪ್ರಯೋಗ ಮಾಡಿ, ಬದಲಾವಣೆ ಅರಿವಿಗೆ ಬಂದವರಲ್ಲಿ ಮಾತ್ರ ಕಣ್ಣು ಹಾಗೆ ವರ್ತಿಸುತ್ತದೆ ಎಂದಿತು. ಹೀಗಾಗಿ ಅರಿವಿಗೆ ಬಾರದ ನೆನಪು ಕಣ್ಣನ್ನು ಎಳೆಯಬಲ್ಲದೇ ಎಂಬುದು ವಿಜ್ಞಾನಿಗಳ ನಡುವೆಯೇ ಚರ್ಚೆಯಾದ ವಿಷಯ. ಅದೂ ಅಲ್ಲದೆ, ಆ ಬೆಂಚಿನ ಕಥೆಯನ್ನು ನಿಮ್ಮ ಮಗಳು ಮನೆಯಲ್ಲಿ ಕೇಳಿ ಬೆಳೆದಿದ್ದಾಳೆ. ನಿಮ್ಮ ಕಣ್ಣು ಅತ್ತ ಹೋದದ್ದನ್ನು ಅವಳು ಹಿಂಬಾಲಿಸಿರಲೂಬಹುದು. ಮಕ್ಕಳು ಒಂದು ವರ್ಷ ತುಂಬುವ ಹೊತ್ತಿಗೇ ದೊಡ್ಡವರ ದೃಷ್ಟಿ ಹೋದ ಕಡೆಗೆ ನೋಡುವುದನ್ನು ಕಲಿತಿರುತ್ತಾರೆ. ಒಂದು ಸಲದ ನೋಟದಿಂದ ಇದನ್ನು ತೀರ್ಮಾನಿಸಲಾಗದು.

ಮಂಜುನಾಥ, ಚಾಮರಾಜಪೇಟೆ

ಸಹನಾ ಅವರ ಬರಹವನ್ನು ನನ್ನ ಫೋನು ಓದಿ ಹೇಳಿದ್ದನ್ನು ಕೇಳಿಸಿಕೊಂಡೆ. ನಾನು ಹುಟ್ಟಿನಿಂದ ದೃಷ್ಟಿಯಿಲ್ಲದವನು. ನೋಟದ ಬಗ್ಗೆ ಅವರು ಹೇಳಿದ್ದನ್ನು ಒಪ್ಪುತ್ತಲೇ, ಈ ಚರ್ಚೆಯಲ್ಲಿ ಕಣ್ಣನ್ನು ಗಮನಕ್ಕೆ ಪರ್ಯಾಯವೆಂಬಂತೆ ತಿಳಿಯಬಾರದೆಂದು ವಿನಂತಿಸುತ್ತೇನೆ. ಮನೆಯಿಂದ ಹೊರಟು ಸಿಟಿ ಮಾರ್ಕೆಟ್ಟಿನ ಕಡೆಗೆ ನಡೆಯುವಾಗ ಯಾವ ತಿರುವಿನಲ್ಲಿ ಕಾಫಿಪುಡಿ ಬೀಸುವ ಯಂತ್ರದ ಸದ್ದು, ಎಲ್ಲಿ ಪಾದಚಾರಿ ದಾರಿಯ ಚಪ್ಪಡಿ ಅಲುಗಾಡುತ್ತದೆ, ಎಲ್ಲಿ ಹೂವಿನ ಬುಟ್ಟಿಗಳು ಶುರುವಾಗುತ್ತವೆ ಎಂಬುದೆಲ್ಲ ನನ್ನ ನೆನಪಿನಲ್ಲಿ ಕ್ರಮವಾಗಿ ಇದೆ. ಮಾತಾಡಿಕೊಂಡು ನಡೆದ ದಿನ ಇದೇ ದಾರಿಯಲ್ಲಿ ಹೊಸದಾಗಿ ಬಂದ ಅಂಗಡಿಯೊಂದು ನನ್ನ ಅರಿವಿಗೇ ಬರುವುದಿಲ್ಲ. ಕಿವಿ ಅಲ್ಲಿಯೇ ಇರುತ್ತದೆ, ಗಮನ ಇರುವುದಿಲ್ಲ.

ಹುಟ್ಟು ಅಂಧರಲ್ಲಿ ಮೆದುಳಿನ ಹಿಂಭಾಗದ ದೃಷ್ಟಿಕ್ಷೇತ್ರ ಸುಮ್ಮನೆ ಬಿದ್ದಿರುವುದಿಲ್ಲ ಎಂಬುದನ್ನು ಅಮೀರ್ ಅಮೆಡಿ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದರು. ಪದಗಳನ್ನು ನೆನಪಿಸಿಕೊಳ್ಳುವಾಗ ಆ ಭಾಗ ಸಕ್ರಿಯವಾಗುತ್ತದೆ. ಹೆಚ್ಚು ಸಕ್ರಿಯವಾದವರ ಪದಸ್ಮರಣೆಯೂ ಹೆಚ್ಚು ಚೆನ್ನಾಗಿರುತ್ತದೆ. ಬೆಳೆಯುವ ಮೆದುಳು ತನಗೆ ಸಿಕ್ಕ ಅನುಭವಕ್ಕೆ ತಕ್ಕಂತೆ ತನ್ನ ಜಾಗವನ್ನು ಹಂಚಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಗಮನ ಎಷ್ಟು ಮುಖ್ಯ ಎಂಬುದು ನಮ್ಮ ಊರಿನ ಸಭೆಗಳಲ್ಲಿ ಅಷ್ಟಾವಧಾನವನ್ನು ಕೇಳಿದವರಿಗೂ ತಿಳಿದಿರುತ್ತದೆ. ಸಮಸ್ಯೆ, ದತ್ತಪದಿ, ನಿಷೇಧಾಕ್ಷರಿ ಎಂಬ ಸವಾಲುಗಳಿಗೆ ಉತ್ತರವಾಗಿ ಅವಧಾನಿಗಳು ಪದ್ಯಗಳನ್ನು ಪಾದ ಪಾದವಾಗಿ ಕಟ್ಟುತ್ತಿರುವಾಗಲೇ ಅಪ್ರಸ್ತುತ ಪ್ರಸಂಗದವರು ಅಡ್ಡಮಾತು ಹಾಕುತ್ತಾರೆ, ನಡುನಡುವೆ ಗಂಟೆ ಬಾರಿಸುತ್ತಾರೆ. ಅವಧಾನಿಗಳು ಕೊನೆಗೆ ಗಂಟೆಗಳ ಲೆಕ್ಕವನ್ನೂ ಎಲ್ಲ ಪದ್ಯಗಳನ್ನೂ ಬರಹದ ನೆರವಿಲ್ಲದೆ ಒಪ್ಪಿಸುತ್ತಾರೆ. ಶತಾವಧಾನಿ ಆರ್. ಗಣೇಶರ ಅವಧಾನ ಕೇಳುವಾಗ ನಾನು ಗಂಟೆಗಳನ್ನು ಎಣಿಸಲು ಹೊರಟರೆ ಪದ್ಯ ಕೈಬಿಡುತ್ತದೆ, ಪದ್ಯ ಹಿಡಿದರೆ ಗಂಟೆ ಕೈಬಿಡುತ್ತದೆ.

ಶಾರದಾ, ರಾಜಾಜಿನಗರ

ನಾನು ಪ್ರೌಢಶಾಲೆಯ ಶಿಕ್ಷಕಿ. ವಸುಧಾ ಅವರ ಮಗನ ಬಗ್ಗೆ ಎರಡು ಮಾತು ಬರೆಯುತ್ತೇನೆ.

ಕಣ್ಣು ಪುಟದ ಮೇಲೆ ಓಡುತ್ತಿದ್ದರೂ ಗಮನ ಬೇರೆಡೆ ಇರಬಹುದು. ಹೀಗೆ ಒಡೆದ ಗಮನದಿಂದ ಹೆಚ್ಚಿನ ಹಾನಿಯಾಗುವುದು ಕಲಿಯುವ ಹೊತ್ತಿನಲ್ಲಿ. ಫರ್ಗಸ್ ಕ್ರೇಕ್ ಮತ್ತು ಸಂಗಡಿಗರು 1996ರಲ್ಲಿ, ಪದಗಳನ್ನು ಕಲಿಯುವಾಗ ಇನ್ನೊಂದು ಕೆಲಸವನ್ನೂ ಮಾಡಿಸಿದರೆ ನೆನಪು ಬಹಳ ಕುಗ್ಗುತ್ತದೆ, ಕಲಿತದ್ದನ್ನು ನೆನಪಿಸಿಕೊಳ್ಳುವಾಗ ಆ ಕೆಲಸ ಮಾಡಿಸಿದರೆ ನೆನಪಿಗೆ ಆಗುವ ಹಾನಿ ಅಲ್ಪ ಎಂದು ತೋರಿಸಿದರು. ಆದ್ದರಿಂದ ಓದುವ ಹೊತ್ತಿನಲ್ಲಿ ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ. ಹದಿನಾಲ್ಕು ವರ್ಷದ ಹುಡುಗನ ಮುಮ್ಮೆದುಳು ಇನ್ನೂ ಬೆಳೆಯುತ್ತಿರುವಾಗ, ಪಕ್ಕದಲ್ಲೇ ಮಿಣುಕುವ ಪರದೆಯಿಂದ ಗಮನ ಕಿತ್ತುಕೊಳ್ಳುವ ಹೊಣೆಯನ್ನು ಅವನ ಮೇಲೆಯೇ ಹೊರಿಸುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಬೈಗುಳದಿಂದ ಇದು ಸರಿಹೋಗುವುದಿಲ್ಲ.

ಎರಡನೆಯದಾಗಿ, ಪಾಠವನ್ನು ಮತ್ತೆ ಮತ್ತೆ ಓದಿಸುವ ಬದಲು, ಪುಸ್ತಕ ಮುಚ್ಚಿ ತಿಳಿದದ್ದನ್ನು ಬರೆಯಲು ಹೇಳಿ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಮಾಡಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮರು ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ, ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಸ್ಪಷ್ಟವಾಗಿ ಮುಂದೆ ಹೋಗಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಬೆಳಿಗ್ಗೆ ನೆನಪಿದೆ ಎಂಬ ಮಕ್ಕಳ ಧೈರ್ಯ ಎಲ್ಲಿಂದ ಬರುತ್ತದೆ, ಏಕೆ ಉಳಿಯುವುದಿಲ್ಲ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ಪ್ರವಾಸಕ್ಕೆ ಹೋದ ಮಕ್ಕಳು ಕಂಡದ್ದನ್ನೆಲ್ಲ ಫೋಟೊ ತೆಗೆಯುತ್ತಾ ಹೋಗುವುದನ್ನೂ ನೋಡುತ್ತಿದ್ದೇನೆ. ಲಿಂಡಾ ಹೆಂಕೆಲ್ ಅವರ 2014ರ ಅಧ್ಯಯನದಲ್ಲಿ, ಸಂಗ್ರಹಾಲಯದ ವಸ್ತುಗಳನ್ನು ಫೋಟೊ ತೆಗೆದವರು, ಬರಿಗಣ್ಣಿನಿಂದ ನೋಡಿದವರಿಗಿಂತ ಕಡಿಮೆ ನೆನಪಿಟ್ಟುಕೊಂಡರು. ಆದರೆ ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ತಂದು ತೆಗೆದವರಲ್ಲಿ ಈ ನಷ್ಟ ಕಾಣಲಿಲ್ಲ. ಹಾಗಾಗಿ ಬೇಲೂರಿಗೆ ಮಕ್ಕಳನ್ನು ಕರೆದೊಯ್ದಾಗ ನಾನು, ಒಂದು ಮದನಿಕೆಯ ಕೈ ಮಾತ್ರ, ಅಥವಾ ಕಾಲಿನ ಗೆಜ್ಜೆ ಮಾತ್ರ ಬರುವಂತೆ ಫೋಟೊ ತೆಗೆಯಲು ಹೇಳುತ್ತೇನೆ. ಯಾವ ಭಾಗವೆಂದು ಆರಿಸಲು ಅವರು ನಿಂತು ನೋಡಲೇಬೇಕಾಗುತ್ತದೆ.

ವಸುಧಾ, ಜಯನಗರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೆಂಚಿನ ವಿಷಯದಲ್ಲಿ ಸಹನಾ ಅವರು ಕೊಟ್ಟ ಎಚ್ಚರಿಕೆ ನನಗೆ ಒಪ್ಪಿಗೆಯಾಯಿತು. ಈಗ ಒಂದೇ ಸಂದೇಹ ಉಳಿದಿದೆ. ತಾತನ ಜೊತೆಗಿನ ಫೋಟೊಗಳನ್ನು ಅವಳಿಗೆ ತೋರಿಸಿ ಮತ್ತೆ ಮತ್ತೆ ಹೇಳುತ್ತಾ ಹೋದರೆ ಹಳೆಯ ನೆನಪು ಮರಳೀತೇ, ಅಥವಾ ನಾವು ಹೇಳಿದ್ದನ್ನೇ ಅವಳು ತನ್ನ ನೆನಪೆಂದು ತಿಳಿದುಕೊಂಡಾಳೇ?

ಕೇಶವಮೂರ್ತಿ, ಮಲ್ಲೇಶ್ವರ

ನಿಮ್ಮ ಸಂದೇಹಕ್ಕೆ ಆಧಾರವಿದೆ ವಸುಧಾ ಅವರೇ. ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 2002ರಲ್ಲಿ, ಎಂದೂ ಬಿಸಿಗಾಳಿಯ ಬಲೂನು ಹತ್ತದ 20 ಮಂದಿ ವಯಸ್ಕರಿಗೆ, ಅವರ ಬಾಲ್ಯದ ಫೋಟೊವನ್ನು ಬಲೂನಿನ ಬುಟ್ಟಿಯೊಳಗೆ ಸೇರಿಸಿ ತೋರಿಸಿದರು. ಮೂರು ಭೇಟಿಗಳ ನಂತರ ಅವರಲ್ಲಿ ಅರ್ಧದಷ್ಟು ಜನ ಆ ಸವಾರಿಯನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ "ನೆನಪಿಸಿಕೊಂಡರು". ನಿಮ್ಮ ಫೋಟೊಗಳು ನಿಜವಾದವು, ಆದ್ದರಿಂದ ಸುಳ್ಳು ಹುಟ್ಟುವ ಭಯ ಕಡಿಮೆ. ಆದರೂ ಫೋಟೊದಲ್ಲಿ ಕಂಡದ್ದನ್ನೂ ಅನುಭವಿಸಿದ್ದನ್ನೂ ಅವಳು ಬೇರ್ಪಡಿಸಲಾರದೆ ಹೋಗಬಹುದು.

ಭಾಷೆಯ ತೊಡಕೂ ಒಂದಿದೆ. ನ್ಯೂಜಿಲೆಂಡಿನ ಗೇಬ್ರಿಯಲ್ ಸಿಮ್‌ಕಾಕ್ ಮತ್ತು ಹಾರ್ಲೀನ್ ಹೇಯ್ನ್ ಎರಡು, ಮೂರು ವರ್ಷದ ಮಕ್ಕಳಿಗೆ, ಆಟಿಕೆಗಳನ್ನು ಚಿಕ್ಕದಾಗಿಸುವ "ಮಾಯಾಯಂತ್ರ"ವೊಂದನ್ನು ತೋರಿಸಿ ಆಡಿಸಿದರು. ಆರು ತಿಂಗಳು ಅಥವಾ ಒಂದು ವರ್ಷದ ನಂತರ ಮಕ್ಕಳು ಯಂತ್ರವನ್ನು ನಡೆಸುವುದನ್ನೂ ಆಟಿಕೆಗಳ ಚಿತ್ರಗಳನ್ನೂ ಸ್ವಲ್ಪಮಟ್ಟಿಗೆ ನೆನಪಿಟ್ಟುಕೊಂಡಿದ್ದರು. ಆದರೆ ಅದನ್ನು ಮಾತಿನಲ್ಲಿ ಹೇಳುವಾಗ, ಆಟ ಆಡಿದ ದಿನ ತಮಗೆ ಗೊತ್ತಿಲ್ಲದಿದ್ದ ಪದಗಳನ್ನು, ಈಗ ಗೊತ್ತಿದ್ದರೂ, ಬಳಸಲಿಲ್ಲ. ಮಾತು ಬರುವ ಮುಂಚೆ ನಿಂತ ನೆನಪು ಮುಂದೆ ತಾನಾಗಿ ಮಾತಿಗೆ ಇಳಿಯುವುದು ಕಷ್ಟ. ನಿಮ್ಮ ಮಗಳು ಐದರವರೆಗೂ ಹೇಳಿದ್ದು, ಎರಡೂವರೆಯಲ್ಲೇ ಅವಳಿಗೆ ತಾತ, ಬೀಜ, ಸಿಪ್ಪೆ ಎಂಬ ಪದಗಳು ಗೊತ್ತಿದ್ದುದರಿಂದ ಇರಬೇಕು.

ಹಿರಿಯರು ಮಕ್ಕಳೊಡನೆ ಹಿಂದೆ ನಡೆದದ್ದರ ಬಗ್ಗೆ ಹೇಗೆ ಮಾತಾಡುತ್ತಾರೆ ಎಂಬುದಕ್ಕೂ ನೆನಪಿನ ಆಯಸ್ಸಿಗೂ ಸಂಬಂಧವಿದೆ. ಎಲೇನ್ ರೀಸ್ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದಂತೆ, ಯಾರ ತಾಯಂದಿರು ಚಿಕ್ಕಂದಿನಲ್ಲಿ ವಿವರ ಸೇರಿಸಿ, ಪ್ರಶ್ನೆ ಕೇಳಿ, ಮಗುವಿನ ಮಾತನ್ನು ಮುಂದುವರಿಸಿ ಮಾತಾಡುತ್ತಿದ್ದರೋ ಆ ಮಕ್ಕಳು ಹನ್ನೆರಡು, ಹದಿಮೂರರ ವಯಸ್ಸಿನಲ್ಲಿ ಇನ್ನೂ ಹಿಂದಿನ ನೆನಪುಗಳನ್ನು ಹೇಳಬಲ್ಲವರಾಗಿದ್ದರು. ಹಿಂದಿನದಕ್ಕೆ ಬಹಳ ಬೆಲೆ ಕೊಡುವ, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರ ಮೊದಲ ನೆನಪು ಸರಾಸರಿ ಮೂರು ವರ್ಷಕ್ಕೂ ಮುಂಚಿನದು.

ಆದ್ದರಿಂದ ಅವಳೊಡನೆ ಮಾತಾಡಿ. ಫೋಟೊ ತೋರಿಸುವ ಮುಂಚೆ ಕೇಳಿ; "ತಾತ ನಿನ್ನನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದರಲ್ಲವೇ" ಎಂದು ಉತ್ತರವನ್ನು ನೀವೇ ಕೊಡುವ ಬದಲು, "ತಾತನ ಜೊತೆ ಹೋದಾಗ ಏನೇನು ಮಾಡುತ್ತಿದ್ದೆ" ಎಂದು ಕೇಳಿ, ಅವಳು ಗೊತ್ತಿಲ್ಲ ಎಂದರೆ ಒತ್ತಾಯಿಸಬೇಡಿ. ಕಡಲೆಕಾಯಿಯನ್ನು ಕೈಗೆ ಕೊಟ್ಟು ಅಲ್ಲಿಯೇ ಕುಳ್ಳಿರಿಸಿ ಕೇಳುವುದು ಮನೆಯಲ್ಲಿ ಕೇಳುವುದಕ್ಕಿಂತ ಮೇಲು, ಏಕೆಂದರೆ ಜಾಗ, ವಾಸನೆ, ಸ್ಪರ್ಶಗಳು ಒಳ್ಳೆಯ ಸುಳಿವುಗಳು. ಎಲ್ಲಕ್ಕಿಂತ ಮುಖ್ಯವಾಗಿ, ಅವಳು ಐದರ ವಯಸ್ಸಿನವರೆಗೆ ತಾನಾಗಿ ಹೇಳಿದ್ದನ್ನು ನಿಮಗೆ ನೆನಪಿರುವಷ್ಟು ಈಗಲೇ ಬರೆದಿಡಿ. ಮನೆಯವರು ಸೇರಿಸಿ ಹೇಳಿದ್ದನ್ನು ಬೇರೆ ಪುಟದಲ್ಲಿ ಬರೆಯಿರಿ. ಅವಳು ದೊಡ್ಡವಳಾಗಿ ಕೇಳಿದಾಗ ಎರಡನ್ನೂ ಕೊಡಿ, ಯಾವುದು ಯಾವುದೆಂದು ತಿಳಿಸಿ ಕೊಡಿ.